ಮನೆ ಕಟ್ಟಿದ ಪಾದ್ರಿ

ನಮ್ಮ ಶಾಲೆಯ ವಾರ್ಷಿಕ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಮುಖ್ಯೋಪಾಧ್ಯಾಯರು ಅಪ್ಪಣೆ ಮಾಡಿದಾಗ ನನಗೆ ಹೆಮ್ಮೆಯೂ ಆಯಿತು, ಅಳುಕೂ ಆಯಿತು. ಹೆಮ್ಮೆಯೇಕೆಂದರೆ, ಸುಮಾರು ಐವತ್ತು ವರ್ಷಗಳ ಹಿಂದೆ ಇದೇ ಸಂಚಿಕೆಗೆಂದು ನಾನು ಬರೆದಿದ್ದ ಮಳೆಗಾಲದ ಪದ್ಯವೊಂದನ್ನು ನಮ್ಮ ಕನ್ನಡದ ಗುರುಗಳು, ಇದರಲ್ಲಿ ಪ್ರಾಸವೂ ಇಲ್ಲ, ಮಳೆಯೂ ಇಲ್ಲವೆಂದು ಹೇಳಿ ಹಿಂದಿರುಗಿಸಿದ್ದರು. ಅಳುಕೇಕೆಂದರೆ, ಆ ಮೇಲೆ ನಾನು ಬರೆದುದು ಅಕ್ಷರಗಳನ್ನಲ್ಲ, ಗೆರೆಗಳನ್ನು. ಕಟ್ಟಡಗಳ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್ ಆಗಿ ಮೂವತ್ತೆರಡು ವರ್ಷ ಈ ಮುಂಬಯಿಯಲ್ಲಿ ಅನ್ನ ಸಂಪಾದಿಸಿದವನು ನಾನು. ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಕಾಗದದ ಮೇಲೆ ನಾನು ಸಾವಿರಾರು ಮನೆಗಳನ್ನು ಕಟ್ಟಿ ನೋಡಿದ್ದೇನೆ. ಆದರೆ ಮನೆ ಕಟ್ಟುವುದೆಂದರೆ ಏನೆಂಬುದನ್ನು ನನಗೆ ಕಲಿಸಿಕೊಟ್ಟವರು ಇಟ್ಟಿಗೆ ಸುಣ್ಣಗಳ ಶಾಸ್ತ್ರವನ್ನು ಎಂದೂ ಓದದ ಒಬ್ಬ ಆಂಗ್ಲ ಪಾದ್ರಿಗಳು. ಅವರು ತೀರಿಕೊಂಡು ತೊಂಬತ್ತು ವರ್ಷಗಳು ಕಳೆದವು. ಅವರ ಕಥೆಯನ್ನು ಹೇಳುವ ಮೊದಲು ನನ್ನ ಕಥೆಯನ್ನೂ ಸ್ವಲ್ಪ ಹೇಳಬೇಕು. ಇಲ್ಲವಾದರೆ ಅಷ್ಟು ದೂರದ ಆ ಪಾದ್ರಿಗಳು ನನ್ನ ಮನಸ್ಸನ್ನು ಏಕೆ ಹಿಡಿದು ನಿಲ್ಲಿಸಿದರೆಂಬುದು ನಿಮಗೆ ತಿಳಿಯಲಾರದು.

ನಮ್ಮ ತಂದೆ ವಿಜಾಪುರದ ಕಡೆಯಿಂದ ಬಂದು ಪರೇಲಿನ ಬಟ್ಟೆ ಗಿರಣಿಯೊಂದರಲ್ಲಿ ಕೆಲಸಕ್ಕೆ ನಿಂತವರು. ಚಾಳಿನ ಮೂರನೆಯ ಮಾಳಿಗೆಯಲ್ಲಿ ನಮ್ಮದೊಂದು ಖೋಲಿ. ಹತ್ತಡಿ ಅಗಲ, ಹನ್ನೆರಡಡಿ ಉದ್ದ. ಅಪ್ಪ, ಅಮ್ಮ, ನಾವು ನಾಲ್ವರು ಮಕ್ಕಳು, ಊರಿನಿಂದ ಕೆಲಸ ಹುಡುಕಿಕೊಂಡು ಬಂದು ನಮ್ಮಲ್ಲಿಯೇ ಉಳಿದ ಚಿಕ್ಕಪ್ಪ, ಹೀಗೆ ಏಳು ಜನರ ಸಂಸಾರ ಅದರಲ್ಲಿ ನಡೆಯುತ್ತಿತ್ತು. ಅಡಿಗೆಯ ಮೂಲೆಗೂ ಮಲಗುವ ಜಾಗಕ್ಕೂ ನಡುವೆ ಅಮ್ಮನ ಹಳೆಯ ಸೀರೆಯೇ ಗೋಡೆ. ಅಪ್ಪನದು ರಾತ್ರಿ ಪಾಳಿಯಾದರೆ ಚಿಕ್ಕಪ್ಪನದು ಹಗಲು ಪಾಳಿ. ಆದುದರಿಂದ ಒಂದೇ ಹಾಸಿಗೆ ಇಬ್ಬರಿಗೂ ಸಾಕಾಗುತ್ತಿತ್ತು. ನಲ್ಲಿಯೂ ಶೌಚಗೃಹವೂ ಇಡೀ ಮಾಳಿಗೆಗೆ ಸೇರಿ ಒಂದೇ ಕಡೆ. ತಿಂಗಳಿಗೊಮ್ಮೆ ಭಾನುವಾರ ಮಂಚವನ್ನು ಗ್ಯಾಲರಿಗೆ ಎಳೆದು ಅದರ ಸಂದುಗಳಿಗೆ ಕುದಿಯುವ ನೀರು ಹೊಯ್ದು ತಿಗಣೆಗಳನ್ನು ಕೊಲ್ಲುವುದು ನಮ್ಮ ಮಕ್ಕಳ ಸೈನ್ಯಕ್ಕೆ ಒಂದು ಉತ್ಸವ. ಆದರೆ ಸೋಮವಾರ ರಾತ್ರಿಗೆ ಗೋಡೆಯ ಬಿರುಕುಗಳಿಂದ ಹೊಸ ಸೈನ್ಯ ಇಳಿದು ಬರುತ್ತಿತ್ತು. ಆ ಗ್ಯಾಲರಿಯೇ ನಮಗೆ ಓದುವ ಕೋಣೆ, ಆಟದ ಬಯಲು, ನ್ಯಾಯಾಲಯ. ನಾನು ಕನ್ನಡದ ಕಾಗುಣಿತ ಕಲಿತದ್ದೂ ಪಕ್ಕದ ಖೋಲಿಯವರಿಂದ ಮರಾಠಿ ಕಲಿತದ್ದೂ ಅಲ್ಲಿಯೇ.

೧೯೮೨ರ ಜನವರಿಯಲ್ಲಿ ಗಿರಣಿ ಕಾರ್ಮಿಕರ ದೊಡ್ಡ ಮುಷ್ಕರ ಆರಂಭವಾಯಿತು. ಅಪ್ಪ ಮತ್ತೆ ಗಿರಣಿಯ ಬಾಗಿಲನ್ನು ಕಾಣಲಿಲ್ಲ. ಅದೇ ವರ್ಷ ನಾನು ಒಬ್ಬ ವಾಸ್ತುಶಿಲ್ಪಿಗಳ ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸಕ್ಕೆ ಸೇರಿದೆ. ಗಿರಣಿಗಳ ಚಿಮಣಿಗಳು ಒಂದೊಂದಾಗಿ ತಣ್ಣಗಾದವು. ಕಾಲಕ್ರಮದಲ್ಲಿ ಗಿರಣಿಯ ಭೂಮಿಗೂ ಅದರ ಸುತ್ತಲಿನ ಚಾಳುಗಳಿಗೂ ಚಿನ್ನದ ಬೆಲೆ ಬಂದಿತು. ಹಳೆಯದನ್ನು ಕೆಡವಿ ಗಗನಚುಂಬಿ ಸೌಧಗಳನ್ನು ಕಟ್ಟುವ ಕಾಲ ಬಂದಿತು. ಅಂತಹ ಸೌಧಗಳ ಗೆರೆಗಳನ್ನು ಎಳೆದ ಕೈಗಳಲ್ಲಿ ನನ್ನ ಕೈಯೂ ಒಂದು.

ಒಂದು ದಿನ ನಮ್ಮ ಬಾಲ್ಯದ ಬೀದಿಯಲ್ಲಿಯೇ ಇದ್ದ ಒಂದು ಚಾಳನ್ನು ಅಳೆಯಲು ನನ್ನನ್ನು ಕಳುಹಿಸಿದರು. ಅಳತೆಯ ಪಟ್ಟಿಯನ್ನು ಬಿಚ್ಚುತ್ತಿದ್ದಾಗ ನೆಲಮಾಳಿಗೆಯ ಖೋಲಿಯಿಂದ ಒಬ್ಬ ಅಜ್ಜಿ ಹೊರಗೆ ಬಂದರು. ನಮ್ಮ ಅಮ್ಮನ ಜತೆಗೆ ನಲ್ಲಿಯ ಸಾಲಿನಲ್ಲಿ ನಿಲ್ಲುತ್ತಿದ್ದವರು, ನಮ್ಮ ಕಡೆಯವರೇ. ನನ್ನ ಗುರುತು ಹಿಡಿದು ಕುಡಿಯಲು ನೀರು ಕೊಟ್ಟರು. ಆ ಮೇಲೆ ನನ್ನ ಕೈಯಲ್ಲಿದ್ದ ಹೊಸ ಕಟ್ಟಡದ ನಕ್ಷೆಯನ್ನು ನೋಡಿ, "ಅಲ್ಲೋ ತಮ್ಮಾ, ಈ ಕಾಗದದಾಗ ನನ್ನ ಬಾಗಲಾ ಎಲ್ಲೈತಿ?" ಎಂದು ಕೇಳಿದರು.

ವಿದ್ಯಾರ್ಥಿ ಮಿತ್ರರೇ, ಆ ಕಾಗದದಲ್ಲಿ ಮೋಟಾರು ನಿಲ್ಲಿಸುವ ಜಾಗವಿತ್ತು, ಈಜುಕೊಳವಿತ್ತು, ಮಾರಾಟದ ಮನೆಗಳಿಗೆ ಒಂದೊಂದು ಸಂಖ್ಯೆಯಿತ್ತು. ಹಳೆಯ ಬಾಡಿಗೆದಾರರ ಕಟ್ಟಡವು ಒಂದು ಮೂಲೆಯಲ್ಲಿ ಚುಕ್ಕೆಗೆರೆಯಿಂದ ಮಾಡಿದ ಒಂದು ಚೌಕವಾಗಿತ್ತು. ಎಲ್ಲ ಕೆಲಸವೂ ಮುಗಿದ ಮೇಲೆ ಅದನ್ನು ಕಟ್ಟುವುದೆಂದು ಗೊತ್ತುಪಡಿಸಲಾಗಿತ್ತು. ಆ ಚೌಕದೊಳಗೆ ಬಾಗಿಲುಗಳನ್ನು ಬರೆಯುವಂತೆ ನನಗೆ ಯಾರೂ ಹೇಳಿರಲಿಲ್ಲ; ನಾನೂ ಕೇಳಿರಲಿಲ್ಲ. "ಎಲ್ಲಾ ಬರತೈತಿ ಅಜ್ಜಿ, ಎರಡು ವರ್ಷ ತಡೀರಿ" ಎಂದು ಹೇಳಿ ಪಟ್ಟಿಯನ್ನು ಸುತ್ತಿಕೊಂಡು ಬಂದೆ. ಆ ಎರಡು ವರ್ಷ ಒಂಬತ್ತಾಯಿತು. ತಾತ್ಪೂರ್ತಿಕ ವಸತಿಯೆಂದು ಊರ ಹೊರಗೆ ಕೊಟ್ಟಿದ್ದ ಒಂದು ಖೋಲಿಯಲ್ಲಿ ಅಜ್ಜಿ ಆರನೆಯ ವರ್ಷ ತೀರಿಕೊಂಡರೆಂದು ಯಾರೋ ಹೇಳಿದರು. ನಾನು ಸುಳ್ಳು ಹೇಳಿದೆನೆಂದು ಯಾವ ನ್ಯಾಯಾಲಯವೂ ಹೇಳಲಾರದು. ಆದರೆ ಗೊತ್ತಿಲ್ಲದ ಮಾತನ್ನು ಗೊತ್ತಿರುವಂತೆ ಹೇಳಿದೆನೆಂಬುದು ನನಗೆ ಗೊತ್ತು.

ನಿವೃತ್ತನಾದ ಮೇಲೆ ಕೆಲವು ದಿನ ಲಂಡನ್ನಿನಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಅಲ್ಲಿಯ ದೊಡ್ಡ ಗ್ರಂಥಾಲಯವಾದ ಬ್ರಿಟಿಷ್ ಲೈಬ್ರರಿಯನ್ನು ನೋಡಿಕೊಂಡು ಹೊರಗೆ ಬಂದವನು, ದಾರಿ ತಪ್ಪುವ ನನ್ನ ಹಳೆಯ ಚಾಳಿಗೆ ಅನುಸಾರವಾಗಿ ಹಿಂದಿನ ಬೀದಿಗಳಲ್ಲಿ ಅಲೆಯತೊಡಗಿದೆ. ಆ ಪ್ರದೇಶಕ್ಕೆ ಸೋಮರ್ಸ್ ಟೌನ್ ಎಂದು ಹೆಸರು. ಯೂಸ್ಟನ್, ಸೇಂಟ್ ಪ್ಯಾಂಕ್ರಾಸ್ ಮತ್ತು ಕಿಂಗ್ಸ್ ಕ್ರಾಸ್ ಎಂಬ ಮೂರು ಮಹಾ ರೈಲ್ವೆ ನಿಲ್ದಾಣಗಳು ಅದನ್ನು ಒತ್ತಿಕೊಂಡು ನಿಂತಿವೆ. ಅಲ್ಲಿ ಇಟ್ಟಿಗೆಯ ನಾಲ್ಕಾರು ಅಂತಸ್ತಿನ ಕಟ್ಟಡಗಳ ನಡುವೆ ಒಂದು ಅಂಗಳ ಕಂಡಿತು. ಅಂಗಳದಲ್ಲಿ ಬಟ್ಟೆ ಒಣಗಿಸುವ ಹಗ್ಗ ಕಟ್ಟಲು ನೆಟ್ಟ ಕಂಬಗಳು. ಪ್ರತಿಯೊಂದು ಕಂಬದ ತುದಿಯಲ್ಲಿಯೂ ಬಣ್ಣದ ಮೆರುಗು ಕೊಟ್ಟ ಸುಟ್ಟ ಮಣ್ಣಿನ ಒಂದು ಪುಟ್ಟ ಶಿಲ್ಪ. ಒಂದು ಕಡೆ ಹಾಯಿ ಬಿಚ್ಚಿದ ಹಡಗು! ನಾನು ನಿಂತುಬಿಟ್ಟೆ. ಮೂವತ್ತೆರಡು ವರ್ಷಗಳಲ್ಲಿ ನಾನು ಅಮೃತಶಿಲೆಯ ದ್ವಾರಗಳನ್ನು ಬರೆದಿದ್ದೆ, ಕಾರಂಜಿಗಳನ್ನು ಬರೆದಿದ್ದೆ. ಬಡವರ ಒದ್ದೆ ಬಟ್ಟೆಯನ್ನು ಹೊರುವ ಕಂಬಕ್ಕೆ ಕಿರೀಟ ತೊಡಿಸಬೇಕೆಂದು ನನಗೆ ಎಂದೂ ಹೊಳೆದಿರಲಿಲ್ಲ. ಕೈಚೀಲ ಹಿಡಿದು ಬರುತ್ತಿದ್ದ ಒಬ್ಬ ವೃದ್ಧೆಯನ್ನು, ಇದನ್ನು ಕಟ್ಟಿಸಿದವರು ಯಾರು ತಾಯಿ ಎಂದು ಕೇಳಿದೆ. ಫಾದರ್ ಜೆಲಿಕೊ ಎಂದು ಆಕೆ ನೆರೆಮನೆಯವರ ಹೆಸರು ಹೇಳುವಷ್ಟು ಸಲೀಸಾಗಿ ಹೇಳಿ ಒಳಗೆ ಹೋದಳು. ಅಂದು ಸಂಜೆಯಿಂದ ನಾನು ಆ ಹೆಸರಿನ ಬೆನ್ನು ಹತ್ತಿದೆ.

ಬೇಸಿಲ್ ಜೆಲಿಕೊ ಅವರು ೧೮೯೯ರಲ್ಲಿ ಇಂಗ್ಲೆಂಡಿನ ಸಸೆಕ್ಸ್ ಪ್ರಾಂತದ ಚೇಲಿ ಎಂಬ ಊರಿನಲ್ಲಿ ಜನಿಸಿದರು. ತಂದೆ ಆ ಊರಿನ ಪಾದ್ರಿಗಳು. ಮೊದಲನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ನೌಕಾದಳವನ್ನು ನಡೆಸಿದ ಪ್ರಸಿದ್ಧ ಸೇನಾನಿ ಜೆಲಿಕೊ ಅವರು ಇದೇ ವಂಶದವರು. ಬೇಸಿಲರು ಹೇಲಿಬರಿ ಶಾಲೆಯಲ್ಲಿಯೂ ಆಕ್ಸ್‌ಫರ್ಡಿನ ಮ್ಯಾಗ್ಡಲೆನ್ ಕಾಲೇಜಿನಲ್ಲಿಯೂ ಕಲಿತರು. ಅಂದರೆ ಸುಖವಾಗಿ ಬಾಳಲು ಬೇಕಾದುದೆಲ್ಲವೂ ಅವರಿಗಿತ್ತು. ಆ ಕಾಲೇಜಿನವರು ಸೋಮರ್ಸ್ ಟೌನಿನಲ್ಲಿ ಬಡವರ ಸೇವೆಗೆಂದು ಒಂದು ಕೇಂದ್ರವನ್ನು ನಡೆಸುತ್ತಿದ್ದರು. ೧೯೨೧ರ ಸುಮಾರಿಗೆ, ಇಪ್ಪತ್ತೆರಡು ವರ್ಷದ ತರುಣರಾಗಿದ್ದಾಗ, ಬೇಸಿಲರು ಆ ಕೇಂದ್ರಕ್ಕೆ ಬಂದರು. ಮುಂದೆ ದೀಕ್ಷೆ ಪಡೆದು ಪಾದ್ರಿಗಳಾದರು.

ಅವರು ಅಲ್ಲಿ ಕಂಡುದೇನು? ಒಂದೊಂದು ಕೋಣೆಯಲ್ಲಿ ಒಂದೊಂದು ಸಂಸಾರ. ಒಂದು ನಲ್ಲಿಗೆ ಹಲವು ಮನೆಗಳು. ಒಸರುವ ಗೋಡೆಗಳು, ಇಲಿಗಳು, ತಿಗಣೆಗಳು. ಬೇಸಿಗೆಯ ರಾತ್ರಿಗಳಲ್ಲಿ ತಿಗಣೆಗಳ ಕಾಟ ತಾಳಲಾರದೆ ಜನರು ಕುರ್ಚಿಗಳನ್ನು ಬೀದಿಗೆ ತಂದು ಕುಳಿತು ಬೆಳಗು ಮಾಡುತ್ತಿದ್ದರು. ಇದನ್ನು ಓದಿದಾಗ ನನಗೆ ನಮ್ಮ ಗ್ಯಾಲರಿಯ ನೆನಪು ಬಂದು ಮೈ ತುರಿಸಿತೆಂದರೆ ನೀವು ನಗಬಾರದು.

ಆ ಜನರು ಸೋಮಾರಿಗಳಾಗಿರಲಿಲ್ಲ. ರೈಲ್ವೆಯಲ್ಲಿ ಹೊರೆ ಹೊರುವವರು, ಗಾಡಿ ಹೊಡೆಯುವವರು, ಮಾರುಕಟ್ಟೆಯಲ್ಲಿ ದುಡಿಯುವವರು. ಅವರಿಗೆ ಇಂತಹ ಗತಿ ಬಂದುದಕ್ಕೆ ಒಂದು ಹಳೆಯ ಕಾರಣವೂ ಇತ್ತು. ೧೮೬೮ರಲ್ಲಿ ತೆರೆದ ಸೇಂಟ್ ಪ್ಯಾಂಕ್ರಾಸ್ ನಿಲ್ದಾಣಕ್ಕಾಗಿ ಆಗರ್ ಟೌನ್ ಎಂಬ ಬಡವರ ಬಡಾವಣೆಯನ್ನೂ ಸೋಮರ್ಸ್ ಟೌನಿನ ಕೆಲವು ಬೀದಿಗಳನ್ನೂ ಕೆಡವಿ ಹಾಕಿದ್ದರು. ಮನೆ ಕಳೆದುಕೊಂಡವರು ಎಲ್ಲಿಗೆ ಹೋಗಬೇಕು? ಕೆಲಸವಿರುವ ಕಡೆಯನ್ನು ಬಿಟ್ಟು ದೂರ ಹೋಗಲಾರದೆ ಪಕ್ಕದ ಬೀದಿಗಳಲ್ಲಿಯೇ ಒತ್ತೊತ್ತಾಗಿ ಸೇರಿಕೊಂಡರು. ಕೊಳೆಗೇರಿಯು ತಾನಾಗಿ ಹುಟ್ಟುವುದಿಲ್ಲ. ಒಂದು ಕಡೆ ಜನರನ್ನು ಅಳಿಸಿದರೆ ಇನ್ನೊಂದು ಕಡೆ ಅದು ಮೂಡುತ್ತದೆ.

ಸರ್ಕಾರವು ಏನೂ ಮಾಡಲಿಲ್ಲವೆಂದಲ್ಲ. ಯುದ್ಧ ಮುಗಿದ ಮೇಲೆ, ೧೯೧೯ರ ಒಂದು ಕಾನೂನಿನ ಪ್ರಕಾರ, ನಗರಸಭೆಗಳು ಸರ್ಕಾರದ ಸಹಾಯದಿಂದ ಮನೆಗಳನ್ನು ಕಟ್ಟತೊಡಗಿದ್ದವು. ಲಂಡನ್ನಿನ ಹೊರವಲಯದಲ್ಲಿ ಬೆಕಂಟ್ರಿ ಎಂಬ ಬಹು ದೊಡ್ಡ ಬಡಾವಣೆಯ ಕೆಲಸ ೧೯೨೧ರಲ್ಲಿ ಆರಂಭವಾಗಿತ್ತು. ಮನೆಗಳು ಚೆನ್ನಾಗಿದ್ದವು. ಆದರೆ ಅವುಗಳ ಬಾಡಿಗೆಯನ್ನೂ ಕೆಲಸಕ್ಕೆ ಹೋಗಿ ಬರುವ ರೈಲಿನ ದರವನ್ನೂ ಕೊಡಬಲ್ಲವರು ಸ್ವಲ್ಪ ಸ್ಥಿತಿವಂತರಾದ ಕಾರ್ಮಿಕರು ಮಾತ್ರ. ತೀರ ಕೆಳಗಿನವರು ಇದ್ದ ಕಡೆಯೇ ಉಳಿದರು.

ಪಾದ್ರಿಯಾದವರು ಇಂತಹ ಕಡೆ ಸಾಮಾನ್ಯವಾಗಿ ಏನು ಮಾಡುತ್ತಾರೆ? ಪ್ರಾರ್ಥನೆ ನಡೆಸುತ್ತಾರೆ, ರೋಗಿಗಳನ್ನು ನೋಡುತ್ತಾರೆ, ಚಳಿಗಾಲದಲ್ಲಿ ಕಂಬಳಿ ಹಂಚುತ್ತಾರೆ. ಇದೆಲ್ಲವೂ ಒಳ್ಳೆಯ ಕೆಲಸವೇ. ಆದರೆ ಜೆಲಿಕೊ ಅವರ ಮನಸ್ಸು ಅಷ್ಟಕ್ಕೆ ಒಪ್ಪಲಿಲ್ಲ. ದೇವರು ಮನುಷ್ಯದೇಹ ಧರಿಸಿ ಬಂದನೆಂದು ನಂಬುವವನು, ಆ ಮನುಷ್ಯದೇಹವು ಇಲಿಗಳ ನಡುವೆ ಮಲಗುವುದನ್ನು ನೋಡಿ ಸುಮ್ಮನಿರಲಾಗದು. ಪೂಜೆಯ ಪೀಠವನ್ನು ಶುಚಿಯಾಗಿಟ್ಟು ಪಕ್ಕದ ಬೀದಿಯನ್ನು ಹೊಲಸಾಗಿ ಬಿಡುವುದು ದೇವರಿಗೇ ಮಾಡುವ ಅಪಚಾರ. ಇದು ಅವರ ದೃಢವಾದ ನಿಲುವು. ನಮ್ಮಲ್ಲಿಯೂ ದರಿದ್ರನಲ್ಲಿ ನಾರಾಯಣನನ್ನು ಕಾಣಬೇಕೆಂದು ಹೇಳಿದ ಮಹನೀಯರಿಲ್ಲವೆ? ಹೇಳುವವರು ಹಲವರು, ಅದಕ್ಕೆ ಸೂರು ಹೊದಿಸಲು ಹೊರಟವರು ಕೆಲವರು.

೧೯೨೪ರಲ್ಲಿ ಅವರೂ ಅವರ ಕೆಲವು ಸಂಗಡಿಗರೂ ಕೂಡಿ ಸೇಂಟ್ ಪ್ಯಾಂಕ್ರಾಸ್ ಗೃಹ ಸುಧಾರಣಾ ಸಂಘವನ್ನು ಸ್ಥಾಪಿಸಿದರು. ಇದು ಭಿಕ್ಷೆಯ ಸಂಘವಲ್ಲ. ಹಣವಂತರು ಇದರ ಷೇರುಗಳನ್ನು ಕೊಳ್ಳಬೇಕು ಅಥವಾ ಸಾಲ ಕೊಡಬೇಕು. ಅವರಿಗೆ ಅಲ್ಪ ಬಡ್ಡಿ ದೊರೆಯುತ್ತದೆ. ಬಾಡಿಗೆದಾರರು ತಮ್ಮ ಶಕ್ತಿಗೆ ತಕ್ಕ ಬಾಡಿಗೆಯನ್ನು ಕೊಡುತ್ತಾರೆ. ದಾನದ ಭಾರದಿಂದ ಯಾರ ತಲೆಯೂ ತಗ್ಗಬೇಕಾಗಿಲ್ಲ. ಜೆಲಿಕೊ ಅವರು ಊರೂರು ಅಲೆದು ಭಾಷಣ ಮಾಡಿದರು. ನಗಿಸಿ, ಅಳಿಸಿ, ನಾಚಿಸಿ ಹಣ ಕೂಡಿಸಿದರು.

ಮೊದಲು ಕೆಲವು ಹಳೆಯ ಮನೆಗಳನ್ನು ಕೊಂಡು ದುರಸ್ತಿ ಮಾಡಿಸಿದರು. ಆದರೆ ಗಾರೆಯ ಹಿಂದೆ, ಮರದ ಪಟ್ಟಿಗಳ ಸಂದುಗಳಲ್ಲಿ ತಲೆಮಾರುಗಳಿಂದ ನೆಲೆಸಿದ ತಿಗಣೆಗಳು ಸುಣ್ಣ ಬಳಿದರೆ ಹೋಗುವವಲ್ಲ. ನಮ್ಮ ಅಮ್ಮನ ಕುದಿಯುವ ನೀರಿನ ಅನುಭವವೇ ಅವರಿಗೂ ಆಯಿತು. ಕೆಡವಿ ಹೊಸದಾಗಿ ಕಟ್ಟದ ಹೊರತು ಬೇರೆ ದಾರಿಯಿರಲಿಲ್ಲ.

ಈಗ ನಾನು ಹೇಳಬೇಕಾದ ಮುಖ್ಯ ಮಾತಿಗೆ ಬಂದೆ. ಕೆಡವುವುದೆಂದು ನಿಶ್ಚಯಿಸಿದ ಕೂಡಲೆ ಆ ಸಂಘದವರ ಮುಂದೆ ನಿಂತ ಪ್ರಶ್ನೆ, ಇಲ್ಲಿ ಎಷ್ಟು ಅಂತಸ್ತು ಏರಿಸಬಹುದು ಎಂಬುದಲ್ಲ. ಕೆಡವಿದ ರಾತ್ರಿ ಈ ಜನ ಎಲ್ಲಿ ಮಲಗುತ್ತಾರೆ ಎಂಬುದು. ಆದುದರಿಂದ ಅವರು ಇಡೀ ಬಡಾವಣೆಯನ್ನು ಒಮ್ಮೆಲೇ ಕೆಡವಲಿಲ್ಲ. ಒಂದು ತುಂಡು ಜಾಗದಲ್ಲಿ ಒಂದು ಕಟ್ಟಡವನ್ನು ಎಬ್ಬಿಸುವುದು. ಪಕ್ಕದ ಹಳೆಯ ಮನೆಗಳವರನ್ನು ಅದರಲ್ಲಿ ಸೇರಿಸುವುದು. ಅವರು ಬಿಟ್ಟ ಮನೆಗಳನ್ನು ಕೆಡವುವುದು. ಅಲ್ಲಿ ಮುಂದಿನ ಕಟ್ಟಡವನ್ನು ಎಬ್ಬಿಸುವುದು. ಹೀಗೆ ಹೆಜ್ಜೆ ಹೆಜ್ಜೆಯಾಗಿ ಕೆಲಸ ಸಾಗಿತು. ಅದೇ ಬೀದಿ, ಅದೇ ನೆರೆಹೊರೆ, ಕೆಲಸಕ್ಕೆ ಅಷ್ಟೇ ಹತ್ತಿರ. ಬದಲಾದುದು ಮನೆ ಮಾತ್ರ. ಲಾಭದ ಲೆಕ್ಕದಲ್ಲಿ ಇದು ನಿಧಾನವಾದ ರೀತಿ, ತೊಂದರೆಯ ರೀತಿ. ನಕ್ಷೆ ಬರೆಯುವವನಾಗಿ ಹೇಳುತ್ತೇನೆ, ಎಲ್ಲವನ್ನೂ ಒಮ್ಮೆಲೇ ನೆಲಸಮ ಮಾಡಿದರೆ ಗೆರೆ ಎಳೆಯುವುದು ಬಹಳ ಸುಲಭ. ಆದರೆ ಆ ಸಂಘದ ನಕ್ಷೆಯಲ್ಲಿ, ಮೊದಲ ಗೆರೆ ಎಳೆಯುವಾಗಲೇ, ಆ ಅಜ್ಜಿಯಂತಹವರ ಬಾಗಿಲು ಇತ್ತು.

ಇಂತಹ ಕೆಲಸದ ನಡುವೆಯೂ ಆ ಪಾದ್ರಿಗಳು ವಿನೋದವನ್ನು ಮರೆತಿರಲಿಲ್ಲ. ಸಿಡ್ನಿ ಸ್ಟ್ರೀಟ್ ಎಂಬ ಬೀದಿಯ ಹಳೆಯ ಮನೆಗಳನ್ನು ತೆರವು ಮಾಡಿದ ಕಾಲದಲ್ಲಿ ತಿಗಣೆ, ಇಲಿ ಮೊದಲಾದವುಗಳ ದೊಡ್ಡ ದೊಡ್ಡ ಪ್ರತಿಮೆಗಳನ್ನು ಮಾಡಿಸಿ ಜನರೆದುರಿಗೆ ಬೆಂಕಿಯಿಟ್ಟು ಸುಟ್ಟರು. ನಾವು ಹೋಳಿಯಲ್ಲಿ ಕಾಮನನ್ನು ಸುಡುವುದಿಲ್ಲವೆ, ಹಾಗೆ. ರಾತ್ರಿಯೆಲ್ಲ ತಮ್ಮ ಮಕ್ಕಳ ರಕ್ತ ಹೀರಿದ ವೈರಿಯು ಉರಿದು ಬೂದಿಯಾಗುವುದನ್ನು ಕಂಡ ತಾಯಂದಿರ ಮುಖವನ್ನು ನಾನು ಊಹಿಸಬಲ್ಲೆ.

ಹೊಸ ಕಟ್ಟಡಗಳನ್ನು ಇಯಾನ್ ಹ್ಯಾಮಿಲ್ಟನ್ ಎಂಬ ವಾಸ್ತುಶಿಲ್ಪಿಗಳು ರೂಪಿಸಿದರು. ಮಕ್ಕಳಿಗಾಗಿ ಶಿಶುವಿಹಾರವೂ ಬಂದಿತು. ಗಿಲ್ಬರ್ಟ್ ಬೇಯ್ಸ್ ಎಂಬ ಹೆಸರಾಂತ ಶಿಲ್ಪಿಗಳು ಬಟ್ಟೆ ಒಣಗಿಸುವ ಕಂಬಗಳಿಗೆ ನಾನು ಕಂಡ ಆ ಶಿಲ್ಪಗಳನ್ನೂ, ಗೋಡೆಗಳಿಗೆ ಮಕ್ಕಳ ಕಥೆಗಳ ಚಿತ್ರಫಲಕಗಳನ್ನೂ ಮಾಡಿಕೊಟ್ಟರು. ಡೌಲ್ಟನ್ ಕಾರ್ಖಾನೆಯಲ್ಲಿ ಅವು ತಯಾರಾದವು. ಬಡವನಿಗೆ ಸೂರು ಸಾಕು, ಸೌಂದರ್ಯವೇಕೆ ಎಂದು ಕೇಳುವವರು ಅಂದೂ ಇದ್ದಿರಬೇಕು. ಅದಕ್ಕೆ ಉತ್ತರವಾಗಿ ಆ ಕಂಬಗಳು ನಿಂತಿವೆ.

ಪಾದ್ರಿಗಳು ಅಲ್ಲಿ ಒಂದು ಪಾನಗೃಹವನ್ನು ಕೂಡ ನಡೆಸಿದರೆಂದರೆ ನೀವು ಹುಬ್ಬೇರಿಸಬಹುದು. ಅದರ ಹೆಸರು ಲಂಗರು ಎಂಬ ಅರ್ಥದ ಆಂಕರ್. ಅಲ್ಲಿಯ ಬಡಜನರಿಗೆ ಸಂಜೆ ಕುಳಿತು ನಾಲ್ಕು ಮಾತಾಡಲು ಅಂತಹ ಗೃಹವೊಂದೇ ಸ್ಥಳ. ಅದನ್ನು ಹಳಿಯುವ ಬದಲು, ಊಟವೂ ದೊರೆಯುವ, ಸಭ್ಯವಾಗಿ ನಡೆಯುವ ಒಂದು ಗೃಹವನ್ನು ತಾವೇ ತೆರೆದು ತೋರಿಸಿದರೆ ಲೇಸೆಂದು ಅವರು ಭಾವಿಸಿದರು. ನಾಲ್ಕು ಗೋಡೆಗಳ ಜತೆಗೆ ಮನುಷ್ಯನಿಗೆ ಒಂದು ಗ್ಯಾಲರಿಯೂ ಬೇಕೆಂಬುದನ್ನು ಆತ ಅರಿತಿದ್ದರು.

ಆದರೆ ಈ ಮನೆಗಳನ್ನು ಪಾದ್ರಿಗಳೊಬ್ಬರೇ ಕಟ್ಟಿದರೆಂದು ಹೇಳಿದರೆ ಅನ್ಯಾಯವಾದೀತು. ಅವರು ಉತ್ಸಾಹದ ಬುಗ್ಗೆ. ಆದರೆ ಬುಗ್ಗೆಯಿಂದ ನೀರು ಮನೆಮನೆಗೆ ಬರಬೇಕಾದರೆ ಕೊಳವೆ ಬೇಕು. ಆ ಕೊಳವೆಯಾದವರಲ್ಲಿ ಒಬ್ಬರು ಐರೀನ್ ಬಾರ್ಕ್‌ಲೆ ಎಂಬ ಮಹಿಳೆ. ನಮ್ಮ ಶಾಲೆಯ ಹೆಣ್ಣುಮಕ್ಕಳು ಈ ಹೆಸರನ್ನು ನೆನಪಿಡಲಿ. ಹೆಂಗಸರಿಗೆ ಹಲವು ವೃತ್ತಿಗಳ ಬಾಗಿಲು ಇಂಗ್ಲೆಂಡಿನಲ್ಲಿ ತೆರೆದುದೇ ೧೯೧೯ರ ಒಂದು ಕಾನೂನಿನಿಂದ. ಕಟ್ಟಡ ಮತ್ತು ಜಮೀನುಗಳನ್ನು ಅಳೆದು ಬೆಲೆಕಟ್ಟುವ ಸರ್ವೇಯರ್ ವೃತ್ತಿಯಲ್ಲಿ ಆ ದೇಶದಲ್ಲಿ ಅಧಿಕೃತ ಅರ್ಹತೆ ಪಡೆದ ಮೊದಲ ಮಹಿಳೆ ಈಕೆ, ಅದು ೧೯೨೨ರಲ್ಲಿ. ಸೋಮರ್ಸ್ ಟೌನಿನ ಕೊಳೆಮನೆಗಳನ್ನು ಹೊಕ್ಕು, ಎಷ್ಟು ಕೋಣೆ, ಎಷ್ಟು ಜನ, ಎಷ್ಟು ನಲ್ಲಿ ಎಂದು ಲೆಕ್ಕ ಬರೆದವರು ಈಕೆ. ಆ ಮೇಲೆ ಸಂಘದ ಕಾರ್ಯದರ್ಶಿಯಾಗಿ ದಶಕಗಳ ಕಾಲ ದುಡಿದರು. ಪಾದ್ರಿಗಳ ಮಾತು ಜನರ ಹೃದಯವನ್ನು ಕರಗಿಸಿದರೆ, ಈಕೆಯ ಲೆಕ್ಕ ಅವರ ಬಾಯಿಯನ್ನು ಮುಚ್ಚಿಸಿತು. ಕರುಣೆಯೂ ಬೇಕು, ಅಳತೆಯ ಪಟ್ಟಿಯೂ ಬೇಕು. ನನ್ನ ಕೈಯಲ್ಲಿ ಪಟ್ಟಿಯಿತ್ತು. ಇನ್ನೊಂದನ್ನು ನಾನು ಕಚೇರಿಗೆ ತೆಗೆದುಕೊಂಡು ಹೋಗುತ್ತಿರಲಿಲ್ಲ.

ಮೈಮುರಿದು ದುಡಿದ ಪಾದ್ರಿಗಳ ಆರೋಗ್ಯ ಕೆಟ್ಟಿತು. ೧೯೨೭ರಲ್ಲಿ ಅವರು ಸೇವಾಕೇಂದ್ರದ ಹೊಣೆಯನ್ನು ಬಿಟ್ಟರು. ಮನೆಗಳ ಕೆಲಸವನ್ನು ಮಾತ್ರ ಬಿಡಲಿಲ್ಲ. ಬೇರೆ ಬೇರೆ ಊರುಗಳಿಗೆ ಹೋಗಿ ಇಂತಹವೇ ಸಂಘಗಳನ್ನು ಎಬ್ಬಿಸಲು ನೆರವಾದರು. ೧೯೩೫ರ ಆಗಸ್ಟ್ ತಿಂಗಳಿನಲ್ಲಿ, ಮೂವತ್ತಾರನೆಯ ವಯಸ್ಸಿನಲ್ಲಿ, ಅವರು ಕಾಲವಾದರು. ಸಿಡ್ನಿ ಸ್ಟ್ರೀಟಿನ ಕಟ್ಟಡಗಳು ಪೂರ್ಣವಾದುದನ್ನು ಅವರು ನೋಡಲಿಲ್ಲ. ಆದರೆ ಅವರಿಲ್ಲದೆಯೂ ಕೆಲಸ ಮುಂದುವರಿದು ಮುಗಿಯಿತು. ಒಬ್ಬನ ಉಸಿರು ನಿಂತರೆ ನಿಲ್ಲುವ ಕೆಲಸವನ್ನು ಅವರು ಆರಂಭಿಸಿರಲಿಲ್ಲ. ಆ ಕಟ್ಟಡಗಳು ಇಂದು ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿ ಸೇರಿವೆ. ಅದಕ್ಕಿಂತ ಮಿಗಿಲಾದ ಮಾತೆಂದರೆ, ಅವುಗಳಲ್ಲಿ ಇಂದಿಗೂ ಜನರು ವಾಸಿಸುತ್ತಿದ್ದಾರೆ.

ಸೋಜಿಗವೆಂದರೆ, ಅದೇ ವರ್ಷಗಳಲ್ಲಿ ನಮ್ಮ ಮುಂಬಯಿಯಲ್ಲಿಯೂ ಕಾರ್ಮಿಕರಿಗೆ ಮನೆ ಕಟ್ಟುವ ಕೆಲಸ ನಡೆಯುತ್ತಿತ್ತು. ೧೮೯೬ರ ಪ್ಲೇಗಿನ ತರುವಾಯ, ೧೮೯೮ರಲ್ಲಿ, ನಗರ ಸುಧಾರಣೆಗೆ ಒಂದು ಟ್ರಸ್ಟು ಬಂದಿತು. ಅದು ಕೊಳೆಗೇರಿಗಳನ್ನು ಕೆಡವಿ ಅಗಲವಾದ ರಸ್ತೆಗಳನ್ನು ಮಾಡಿತು. ೧೯೨೦ರಲ್ಲಿ ಸ್ಥಾಪಿತವಾದ ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್ ವರಳಿ, ನಾಯಗಾಂವ್ ಮೊದಲಾದ ಕಡೆ ಕಾಂಕ್ರೀಟಿನ ಚಾಳುಗಳನ್ನು ಎಬ್ಬಿಸಿತು. ಇಂದಿಗೂ ನಾವು ಬಿ.ಡಿ.ಡಿ. ಚಾಳುಗಳೆನ್ನುವುದು ಅವುಗಳನ್ನೇ. ಒಂದೊಂದು ಸಂಸಾರಕ್ಕೆ ಸುಮಾರು ೧೬೦ ಚದರಡಿಯ ಒಂದು ಖೋಲಿ. ಗಟ್ಟಿ ಕಟ್ಟಡ, ಸಾಲು ಸಾಲು ಬಾಗಿಲು. ಅವುಗಳನ್ನು ಕಟ್ಟಿದವರು ಎಷ್ಟು ಜನರನ್ನು ತುಂಬಬಹುದೆಂದು ಲೆಕ್ಕ ಹಾಕಿದರು. ಹೇಗೆ ಬಾಳುತ್ತಾರೆಂದು ಲೆಕ್ಕ ಹಾಕಲಿಲ್ಲ. ಅವುಗಳಿಗೆ ಜೀವ ತುಂಬಿದವರು ಅವುಗಳಲ್ಲಿ ತಲೆಮಾರುಗಟ್ಟಲೆ ಬಾಳಿದ ಜನ. ೨೦೨೫ರ ಆಗಸ್ಟ್ ತಿಂಗಳಿನಲ್ಲಿ ವರಳಿಯ ಆ ಚಾಳುಗಳವರ ಮೊದಲ ತಂಡಕ್ಕೆ, ಅದೇ ನೆಲದ ಮೇಲೆ ಎದ್ದ ಹೊಸ ಕಟ್ಟಡಗಳಲ್ಲಿ, ೫೦೦ ಚದರಡಿಯ ಮನೆಗಳ ಬೀಗದ ಕೈಗಳನ್ನು ಕೊಟ್ಟರು. ಪತ್ರಿಕೆಯಲ್ಲಿ ಅದನ್ನು ಓದಿ ನನ್ನ ಕಣ್ಣು ತೇವವಾಯಿತು. ಅದೇ ಜನ, ಅದೇ ನೆಲ, ಒಳ್ಳೆಯ ಮನೆ. ತೊಂಬತ್ತು ವರ್ಷಗಳ ಹಿಂದೆ ಆ ಪಾದ್ರಿಗಳು ಹಂಬಲಿಸಿದುದೂ ಇಷ್ಟನ್ನೇ.

ಲಂಡನ್ನಿನಿಂದ ಹಿಂದಿರುಗಿದ ಮೇಲೆ ಒಂದು ದಿನ ಆ ಅಜ್ಜಿಯ ಚಾಳಿದ್ದ ಕಡೆಗೆ ಹೋಗಿದ್ದೆ. ಬಾಡಿಗೆದಾರರ ಕಟ್ಟಡ ಕಡೆಗೂ ಎದ್ದಿತ್ತು. ಅಜ್ಜಿಯ ಹೆಸರಿಗೆ ಬಂದ ಮನೆಯಲ್ಲಿ ಮೊಮ್ಮಗನು ಹೆಂಡತಿ ಮಕ್ಕಳೊಡನೆ ವಾಸವಾಗಿದ್ದನು. ಒಳಗೆ ಕರೆದು ಚಹ ಕೊಟ್ಟನು. ಗೋಡೆಯ ಮೇಲೆ ಅಜ್ಜಿಯ ಭಾವಚಿತ್ರಕ್ಕೆ ಹಾರ ಹಾಕಿತ್ತು. ಅಂದು ಕಾಗದ ತೋರಿಸಿ ಎರಡು ವರ್ಷವೆಂದು ಹೇಳಿದವನು ನಾನೇ ಎಂದು ಅವನಿಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಾಕಾ, ಅಜ್ಜಿ ಹೋಗೋ ತನಕಾ ನಿಮ್ಮ ಮಾತು ಹೇಳತಿದ್ದಳ್ರಿ. ನಮ್ಮೂರಿನ ಹುಡುಗ ಬರದಾನ, ಬಾಗಲಾ ಬಂದೇ ಬರತೈತಿ ಅಂತಿದ್ದಳು" ಎಂದನು. ಅವನು ನನ್ನನ್ನು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ವಿದ್ಯಾರ್ಥಿ ಮಿತ್ರರೇ, ನಿಮ್ಮಲ್ಲಿ ಹಲವರು ಇಂದು ಚಾಳುಗಳಿಂದ, ಒಂದು ಕೋಣೆಯ ಮನೆಗಳಿಂದ ಈ ಶಾಲೆಗೆ ಬರುತ್ತಿದ್ದೀರಿ. ನಾಳೆ ನಿಮ್ಮಲ್ಲಿ ಕೆಲವರು ಎಂಜಿನಿಯರರಾಗುತ್ತೀರಿ, ಗುತ್ತಿಗೆದಾರರಾಗುತ್ತೀರಿ, ನಗರಸಭೆಯ ಅಧಿಕಾರಿಗಳಾಗುತ್ತೀರಿ. ಕೆಲವರು ನನ್ನಂತೆ ಗೆರೆ ಎಳೆಯುವವರಾಗುತ್ತೀರಿ. ನಿಮ್ಮ ಮೇಜಿನ ಮೇಲೆ ಒಂದು ದೊಡ್ಡ ಬಿಳಿಯ ಕಾಗದ ಬಂದು ಬೀಳುತ್ತದೆ. ಅದು ಬಿಳಿಯದಾಗಿ ಕಂಡರೂ ಬರಿದಾಗಿರುವುದಿಲ್ಲ. ಅದರ ಮೇಲೆ ಆಗಲೇ ಜನರು ವಾಸವಾಗಿರುತ್ತಾರೆ. ಮೊದಲು ಅವರ ಹೆಸರುಗಳನ್ನು ಕೇಳಿ ಬರೆದುಕೊಳ್ಳಿರಿ. ಕೆಡವುವ ರಾತ್ರಿ ಅವರು ಎಲ್ಲಿ ಮಲಗುತ್ತಾರೆಂದು ಮೇಲಿನವರನ್ನು ಕೇಳಿರಿ. ಕೇಳಿದರೆ ಕೆಲಸ ಹೋದೀತೆಂಬ ಭಯವಿರುತ್ತದೆ, ನನಗೂ ಇತ್ತು. ಮನೆಯಲ್ಲಿ ಗಿರಣಿ ಬಿಟ್ಟ ಅಪ್ಪನಿದ್ದ ದಿನಗಳಿಂದಲೂ ಆ ಭಯ ನನ್ನ ಜತೆಗೇ ಬೆಳೆದಿತ್ತು. ಆದರೂ ಕೇಳಿರಿ.

ನಾನೀಗ ನಕ್ಷೆಗಳನ್ನು ಬರೆಯುವುದಿಲ್ಲ. ಕಣ್ಣು ಮಂದವಾಗಿದೆ, ಕೈ ನಡುಗುತ್ತದೆ. ಆದರೆ ಪುನರ್ನಿರ್ಮಾಣಕ್ಕೆ ಬಂದ ಚಾಳುಗಳವರು ಯಾರಾದರೂ ತಮಗೆ ಕೊಟ್ಟ ಕಾಗದವನ್ನು ತಂದರೆ, ಭಾನುವಾರಗಳಲ್ಲಿ ಕುಳಿತು ಅದನ್ನು ಓದಿ ಹೇಳುತ್ತೇನೆ. ಯಾವುದು ಮೆಟ್ಟಿಲು, ಯಾವುದು ಕಿಟಕಿ, ಯಾವ ಗೆರೆ ನಿಜ, ಯಾವ ಗೆರೆ ಬರಿಯ ಚುಕ್ಕೆ ಎಂದು ವಿವರಿಸುತ್ತೇನೆ. ಮೊದಲು ಕೆಂಪು ಪೆನ್ಸಿಲನ್ನು ಅವರ ಕೈಗೆ ಕೊಟ್ಟು, ನಿಮ್ಮ ಬಾಗಿಲು ಎಲ್ಲಿದೆ, ಗುರುತು ಹಾಕಿ ನೋಡೋಣ ಎನ್ನುತ್ತೇನೆ. ಗುರುತು ಹಾಕಲು ಜಾಗ ಸಿಕ್ಕದಿದ್ದರೆ, ಆ ಕಾಗದಕ್ಕೆ ಸಹಿ ಹಾಕಬೇಡಿರಿ ಎಂದು ಹೇಳುತ್ತೇನೆ.